ದತ್ತಿಯ ನೆರವಿನ ಪತ್ರಿಕಾವೃತ್ತಿ: ಮಂಡ್ಯದ ನಾಲ್ಕು ತಾಲ್ಲೂಕುಗಳ ದೃಷ್ಟಿಯಿಂದ ಒಂದು ವಿಮರ್ಶೆ

1

ಚರಿತ್ರೆಯನ್ನು ಬೋಧಿಸುವವರಿಗೆ ವೃತ್ತಪತ್ರಿಕೆ ಎರಡು ಬಗೆಯಲ್ಲಿ ಬೇಕಾದ ವಸ್ತು. ಇಂದು ಅದು ಸಮಾಚಾರ. ಐವತ್ತು ವರ್ಷ ಕಳೆದ ಮೇಲೆ ಅದೇ ಆಧಾರ. ಆದುದರಿಂದ ಪತ್ರಿಕೆ ಯಾವುದನ್ನು ಬರೆಯದೆ ಬಿಡುವುದೋ ಅದು ಮುಂದೆ ಚರಿತ್ರೆಯಿಂದಲೂ ಬಿಟ್ಟುಹೋಗುವ ಸಂಭವ ಹೆಚ್ಚು. ಇದನ್ನು ತಪ್ಪಿಸಬೇಕೆಂಬ ಉದ್ದೇಶದಿಂದ ಕಳೆದ ಎರಡು ದಶಕಗಳಲ್ಲಿ ಒಂದು ವ್ಯವಸ್ಥೆ ಬೆಳೆದುಬಂದಿದೆ. ಲಾಭವನ್ನು ಬಯಸದ ಸಂಸ್ಥೆಗಳು ದಾನಿಗಳಿಂದಲೂ ಓದುಗರಿಂದಲೂ ಹಣವನ್ನು ಕೂಡಿಸಿ, ದೊಡ್ಡ ಪತ್ರಿಕೆಗಳು ಕೈಬಿಟ್ಟ ವಿಷಯಗಳನ್ನು ಕುರಿತು ವರದಿ ಮಾಡಿಸುತ್ತಿವೆ. ಅಮೆರಿಕದಲ್ಲಿ 2006ರಲ್ಲಿ ಹುಟ್ಟಿದ ಪುಲಿಟ್ಜರ್ ಸೆಂಟರ್ ಇಂತಹ ಒಂದು ಸಂಸ್ಥೆ. ನಮ್ಮ ದೇಶದಲ್ಲಿ ಪಿ. ಸಾಯಿನಾಥರು 2014ರ ಡಿಸೆಂಬರ್ 20ರಂದು ಮುಂಬಯಿಯಿಂದ ಆರಂಭಿಸಿದ ಪೀಪಲ್ಸ್ ಆರ್ಕೈವ್ ಆಫ್ ರೂರಲ್ ಇಂಡಿಯಾ, ಅಂದರೆ ‘ಪರಿ’, ಇನ್ನೊಂದು. 2015ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಇಂಡಿಪೆಂಡೆಂಟ್ ಅಂಡ್ ಪಬ್ಲಿಕ್ ಸ್ಪಿರಿಟೆಡ್ ಮೀಡಿಯಾ ಫೌಂಡೇಶನ್ ತಾನೇ ಪತ್ರಿಕೆ ನಡೆಸದೆ, ಇತರ ಪತ್ರಿಕಾಸಂಸ್ಥೆಗಳಿಗೆ ಹಣ ಒದಗಿಸಿತು. ಕನ್ನಡದಲ್ಲಿ ಸರ್ಕಾರದ ಕಡತಗಳ ಆಧಾರದಿಂದ ವರದಿ ಮಾಡುವ ‘ದಿ ಫೈಲ್’ ಇದೇ ಮಾರ್ಗದಲ್ಲಿ ಸಾಗಿಬಂದಿತು.

ಈ ಪ್ರಯತ್ನಗಳನ್ನು ಹೊಗಳಿದವರು ಅನೇಕರು, ಶಂಕಿಸಿದವರೂ ಉಂಟು. ಪರೀಕ್ಷಿಸಿ ನೋಡಿದವರು ಕಡಮೆ. ಪರೀಕ್ಷೆಗೆ ಒಂದು ನೆಲೆ ಬೇಕು. ನಮಗೆ ಪರಿಚಿತವಾದ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳನ್ನು ಆ ನೆಲೆಯಾಗಿ ಇಟ್ಟುಕೊಂಡಿದ್ದೇವೆ. ಇಂತಹ ಪತ್ರಿಕಾವೃತ್ತಿಯಿಂದ ಈ ಊರುಗಳಿಗೆ ಏನು ದೊರೆಯಬಹುದು, ಏನು ದೊರೆಯಲಾರದು ಎಂಬುದೇ ಇಲ್ಲಿನ ಪ್ರಶ್ನೆ.

2

ಈ ತಾಲ್ಲೂಕುಗಳನ್ನು ‘ಸುದ್ದಿಯಾಗದ ಪ್ರದೇಶ’ ಎನ್ನುವುದು ಮೊದಲ ನೋಟಕ್ಕೆ ವಿಚಿತ್ರವಾಗಿ ತೋರಬಹುದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಲಂಡನ್ನಿನಲ್ಲಿ ಅದನ್ನು ಕುರಿತು ಚಿತ್ರಗಳೂ ನಾಟಕಗಳೂ ಹೊರಟವು. ಕಾವೇರಿಯ ವಿವಾದ ಎದ್ದಾಗಲೆಲ್ಲ ಕೃಷ್ಣರಾಜಸಾಗರದ ನೀರಿನ ಮಟ್ಟ ಇಡೀ ದೇಶದ ಸುದ್ದಿಯಾಗುತ್ತದೆ. 2024ರ ಸೆಪ್ಟೆಂಬರಿನಲ್ಲಿ ಗಣೇಶ ವಿಸರ್ಜನೆಯ ಮೆರವಣಿಗೆಯ ಹೊತ್ತಿನಲ್ಲಿ ನಾಗಮಂಗಲದಲ್ಲಿ ಗಲಭೆಯಾದಾಗ ಆ ಪಟ್ಟಣದ ಹೆಸರು ದೆಹಲಿಯ ಪತ್ರಿಕೆಗಳಲ್ಲಿಯೂ ಕಾಣಿಸಿಕೊಂಡಿತು. ಆದುದರಿಂದ ಇಲ್ಲಿ ಕೊರತೆಯಿರುವುದು ಸುದ್ದಿಗಲ್ಲ. ಘಟನೆ ಸುದ್ದಿಯಾಗುತ್ತದೆ, ಘಟನೆಯನ್ನು ಹುಟ್ಟಿಸಿದ ಸ್ಥಿತಿ ಸುದ್ದಿಯಾಗುವುದಿಲ್ಲ. ಈ ಭೇದವನ್ನು ಮೂರು ಉದಾಹರಣೆಗಳಿಂದ ಸ್ಪಷ್ಟಪಡಿಸಬಹುದು.

2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಮಂದಿ ಪ್ರಾಣ ಕಳೆದುಕೊಂಡರು. ಮೃತರಲ್ಲಿ ಶಾಲೆಯಿಂದ ಮನೆಗೆ ಮರಳುತ್ತಿದ್ದ ಮಕ್ಕಳೂ ಇದ್ದರು. ಪತ್ರಿಕೆಗಳು ಕೆಲವು ದಿನ ಪುಟ ತುಂಬ ಬರೆದವು, ಬಳಿಕ ಸುಮ್ಮನಾದವು. 2023ರಲ್ಲಿ ಇದೇ ನಾಲೆಗೆ ಕಾರುಗಳು ಬಿದ್ದು ಮತ್ತೆ ಜೀವಹಾನಿಯಾದಾಗ ಪುನಃ ಬರೆದವು. ನಡುವಿನ ಐದು ವರ್ಷಗಳಲ್ಲಿ ಯಾವ ಯಾವ ತಿರುವಿನಲ್ಲಿ ತಡೆಗೋಡೆ ಕಟ್ಟಲಾಯಿತು, ಎಲ್ಲೆಲ್ಲಿ ಕಟ್ಟಲಿಲ್ಲ, ಮಂಜೂರಾದ ಹಣವೆಷ್ಟು ಎಂಬುದನ್ನು ಹಿಂಬಾಲಿಸಿ ನೋಡುವುದು ದೈನಿಕದ ಅಭ್ಯಾಸವಲ್ಲ. ಬಸ್ಸು ಬಿದ್ದದ್ದು ಘಟನೆ, ತಡೆಗೋಡೆ ಇಲ್ಲದಿದ್ದುದು ಸ್ಥಿತಿ.

ಎರಡನೆಯ ಉದಾಹರಣೆ ಇನ್ನೂ ಕಹಿಯಾದುದು. 2023ರ ನವೆಂಬರಿನಲ್ಲಿ ಬೆಂಗಳೂರಿನ ಪೊಲೀಸರು ಭ್ರೂಣಲಿಂಗಪತ್ತೆಯ ಜಾಲವೊಂದನ್ನು ಬಯಲಿಗೆಳೆದಾಗ, ಮಂಡ್ಯ ಜಿಲ್ಲೆಯ ಒಂದು ಆಲೆಮನೆಯಲ್ಲಿ ಗರ್ಭಿಣಿಯರ ಪರೀಕ್ಷೆ ನಡೆಯುತ್ತಿತ್ತೆಂಬ ಸಂಗತಿ ಹೊರಬಿದ್ದಿತು. ಬೆಲ್ಲ ಕಾಯಿಸುವ ಮನೆ ಇಂತಹ ಕೆಲಸಕ್ಕೆ ಬಳಕೆಯಾಯಿತೆಂದು ನಾಡು ಬೆಚ್ಚಿತು. ಆದರೆ 2011ರ ಜನಗಣತಿಯಲ್ಲಿಯೇ, ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ ರಾಜ್ಯದಲ್ಲಿ 948 ಹೆಣ್ಣುಮಕ್ಕಳಿದ್ದರೆ ಮಂಡ್ಯ ಜಿಲ್ಲೆಯಲ್ಲಿ ಅವರ ಸಂಖ್ಯೆ ಅದಕ್ಕಿಂತಲೂ ಕಡಮೆಯಿತ್ತು. ಅಂಕಿಗಳು ಅಚ್ಚಾಗಿದ್ದವು, ಓದಿ ಊರಿಗೆ ಹೋಗಿ ಕೇಳುವವರು ಬೇಕಾಗಿದ್ದರು. ಆ ಕೇಳುವ ಕೆಲಸವನ್ನು ಹನ್ನೆರಡು ವರ್ಷಗಳ ಬಳಿಕ ಪೊಲೀಸರು ಮಾಡಿದರು.

ಮೂರನೆಯದು ವಲಸೆಯ ವಿಷಯ. ಕೃಷ್ಣರಾಜಪೇಟೆ ಮತ್ತು ನಾಗಮಂಗಲದಿಂದ ದುಡಿಮೆಯನ್ನರಸಿ ಮುಂಬಯಿಗೆ ಹೋದ ಸಂಸಾರಗಳು ಸಾವಿರಾರು. ಕೃಷ್ಣರಾಜಸಾಗರದ ಹಿನ್ನೀರು ಕೃಷ್ಣರಾಜಪೇಟೆಯ ಅಂಚನ್ನು ಮುಟ್ಟಿದರೂ ಆ ನೀರು ಹರಿಯುವುದು ತಗ್ಗಿನ ಬಯಲಿಗೆ. ಮಳೆಯನ್ನೂ ಕೆರೆಯನ್ನೂ ಕೊಳವೆಬಾವಿಯನ್ನೂ ನೆಚ್ಚಿದ ಬೆದ್ದಲಿನ ಕುಟುಂಬಗಳಿಂದ ಒಬ್ಬಿಬ್ಬರಾದರೂ ಊರು ಬಿಡುವುದು ದಶಕಗಳಿಂದ ನಡೆದುಬಂದ ಪದ್ಧತಿ. ಈ ಸಂಗತಿಯನ್ನು ನಾಡಿನ ಪತ್ರಿಕೆಗಳು ಗಮನಿಸಿದ್ದು ಯಾವಾಗ? 2020ರ ಮೇ ತಿಂಗಳಿನಲ್ಲಿ, ಕೋವಿಡ್ ಕಾಲದ ಬೀಗಮುದ್ರೆಯಿಂದ ಕೆಲಸ ಕಳೆದುಕೊಂಡು ಅವರು ಊರಿಗೆ ಮರಳಿದಾಗ. ಆಗ ಅವರು ಲೆಕ್ಕಕ್ಕೆ ಬಂದರು. ಆದರೆ ದುಡಿಯುವ ಜನರಾಗಿ ಅಲ್ಲ, ಸೋಂಕನ್ನು ತಂದವರಾಗಿ. ನಮ್ಮ ತರಗತಿಯಲ್ಲಿ ಆ ತಾಲ್ಲೂಕಿನ ವಿದ್ಯಾರ್ಥಿಯೊಬ್ಬ ಹೇಳಿದ ಮಾತು ನೆನಪಾಗುತ್ತದೆ: “ನಮ್ಮೂರ ಹೆಸರನ್ನು ಪೇಪರಿನಲ್ಲಿ ನಾನು ಮೊದಲು ನೋಡಿದ್ದೇ ಆಗ, ಸಾರ್. ಕಾಯಿಲೆಯ ಪಟ್ಟಿಯಲ್ಲಿ.”

ಸ್ಥಿತಿಯನ್ನು ಕುರಿತು ಬರೆಯಬೇಕಾದರೆ ಕಾಲ ಬೇಕು, ತಿರುಗಾಟಕ್ಕೆ ಹಣ ಬೇಕು. ಜಾಹೀರಾತಿನಿಂದ ಜೀವಿಸುವ ಪತ್ರಿಕೆಗೆ ಇದು ಲಾಭದ ಮಾತಲ್ಲ. ಆದುದರಿಂದಲೇ ಬೇರೊಬ್ಬರು ಆ ವೆಚ್ಚವನ್ನು ಹೊರಬೇಕಾಗುತ್ತದೆ.

3

ವೆಚ್ಚ ಹೊರುವವರು ಯಾರು ಎಂಬ ಪ್ರಶ್ನೆ ಕನ್ನಡ ಪತ್ರಿಕೆಗಳಿಗೆ ಹೊಸದಲ್ಲ. ‘ಉಂಡ ಮನೆಯ ಜಂತೆ ಎಣಿಸಬಾರದು’ ಎಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಅತಿಥಿಗೆ ಇದು ಒಪ್ಪುವ ನೀತಿ. ಪತ್ರಕರ್ತನಿಗೆ ಒಪ್ಪದು, ಏಕೆಂದರೆ ಜಂತೆ ಎಣಿಸುವುದೇ ಅವನ ವೃತ್ತಿ. ಸರ್ಕಾರದ ಪ್ರಕಟಣೆಗಳಿಂದ ಬದುಕುವವನು ಸರ್ಕಾರದ ಜಂತೆಯನ್ನೂ, ವರ್ತಕನ ಜಾಹೀರಾತಿನಿಂದ ಬದುಕುವವನು ವರ್ತಕನ ಜಂತೆಯನ್ನೂ ಎಣಿಸಲು ಹಿಂಜರಿಯುವುದು ಮನುಷ್ಯಸಹಜ.

ಮೈಸೂರಿನಲ್ಲಿ ‘ತಾತಯ್ಯ’ ಎಂದೇ ಹೆಸರಾದ ಎಂ. ವೆಂಕಟಕೃಷ್ಣಯ್ಯನವರು ಉಪಾಧ್ಯಾಯರಾಗಿದ್ದುಕೊಂಡೇ ‘ವೃತ್ತಾಂತ ಚಿಂತಾಮಣಿ’, ‘ಸಾಧ್ವಿ’, ‘ಸಂಪದಭ್ಯುದಯ’ ಮೊದಲಾದ ಪತ್ರಿಕೆಗಳನ್ನು ನಡೆಸಿದರು. ಅವರಿಗೆ ಪತ್ರಿಕೆ ವ್ಯಾಪಾರವಾಗಿರಲಿಲ್ಲ. ಶಾಲೆ, ಅನಾಥಾಲಯಗಳಂತೆ ಅದೂ ಲೋಕೋಪಕಾರದ ಒಂದು ಅಂಗವಾಗಿತ್ತು. 1908ರಲ್ಲಿ ದಿವಾನ್ ವಿ. ಪಿ. ಮಾಧವರಾಯರ ಕಾಲದಲ್ಲಿ ಪತ್ರಿಕಾ ನಿರ್ಬಂಧದ ಶಾಸನ ಬಂದಾಗ, ಅಪ್ಪಣೆ ಬೇಡಿ ಬರೆಯುವುದಕ್ಕಿಂತ ನಿಲ್ಲಿಸುವುದೇ ಲೇಸೆಂದು ತಾತಯ್ಯನವರು ತಮ್ಮ ಪತ್ರಿಕೆಗಳನ್ನು ನಿಲ್ಲಿಸಿದರು. ಇದೇ ಮಂಡ್ಯದ ಸೀಮೆಯಲ್ಲಿ, 1938ರ ಶಿವಪುರದ ಧ್ವಜ ಸತ್ಯಾಗ್ರಹದ ಸಂಘಟಕರಲ್ಲೊಬ್ಬರಾದ ಎಚ್. ಕೆ. ವೀರಣ್ಣಗೌಡರು ‘ಚಿತ್ರಗುಪ್ತ’ ಪತ್ರಿಕೆಯ ಸಂಪಾದಕರೂ ಆಗಿದ್ದರು. ಇವರಿಬ್ಬರ ಚರಿತ್ರೆಯಿಂದ ತಿಳಿದುಬರುವುದೇನೆಂದರೆ, ಲಾಭವಿಲ್ಲದ ಪತ್ರಿಕಾವೃತ್ತಿ ನಮ್ಮಲ್ಲಿ ಹಿಂದೆಯೂ ಇತ್ತು. ಆದರೆ ಅದು ಒಬ್ಬ ವ್ಯಕ್ತಿಯ ತ್ಯಾಗವನ್ನು ಅವಲಂಬಿಸಿತ್ತು. ವ್ಯಕ್ತಿ ದಣಿದಾಗ ಪತ್ರಿಕೆಯೂ ದಣಿಯುತ್ತಿತ್ತು. ತ್ಯಾಗದ ಸ್ಥಾನದಲ್ಲಿ ಸಂಸ್ಥೆಯನ್ನು ನಿಲ್ಲಿಸಿದ್ದು ಇಂದಿನ ದತ್ತಿಯ ಕ್ರಮದ ನಿಜವಾದ ಹೆಚ್ಚಳ.

ಆದರೆ ದಾನಿಯ ಮನೆಗೂ ಜಂತೆಗಳುಂಟು. 1976ರ ವಿದೇಶಿ ದೇಣಿಗೆ ನಿಯಂತ್ರಣ ಕಾಯಿದೆಯೂ ಅದರ ಸ್ಥಾನಕ್ಕೆ ಬಂದ 2010ರ ಕಾಯಿದೆಯೂ ಪತ್ರಿಕೆಯ ಒಡೆಯರು, ಸಂಪಾದಕರು, ಬಾತ್ಮೀದಾರರು ಹೊರದೇಶದ ದೇಣಿಗೆ ಪಡೆಯುವುದನ್ನು ನಿಷೇಧಿಸಿದುವು. ಆದುದರಿಂದ ಇಲ್ಲಿನ ಸಂಸ್ಥೆಗಳು ಇಲ್ಲಿನ ಹಣವಂತರನ್ನೇ ಆಶ್ರಯಿಸಬೇಕು. ಆ ಹಣವಂತರಲ್ಲಿ ಅನೇಕರು ಕೈಗಾರಿಕೋದ್ಯಮಿಗಳು. ಅವರ ಉದ್ದೇಶವನ್ನು ನಾವು ಶಂಕಿಸುವುದಿಲ್ಲ. ಆದರೆ ಉದ್ದೇಶ ಶುದ್ಧವಾಗಿರುವುದು ಬೇರೆ, ವ್ಯವಸ್ಥೆ ಶುದ್ಧವಾಗಿರುವುದು ಬೇರೆ. ದಾನಿ ಯಾವ ವರದಿಯನ್ನೂ ತಡೆಯದಿರಬಹುದು. ಆದರೂ ಯಾವ ವಿಷಯಕ್ಕೆ ಹಣ, ಯಾವುದಕ್ಕೆ ಇಲ್ಲ ಎಂಬ ಆಯ್ಕೆಯಲ್ಲಿಯೇ ಅವನ ಇಷ್ಟಾನಿಷ್ಟಗಳು ಸೇರಿಕೊಳ್ಳುತ್ತವೆ.

ಇದಕ್ಕೆ ಪರಿಹಾರವನ್ನು ಹುಡುಕಲು ನಾವು ದೂರ ಹೋಗಬೇಕಾಗಿಲ್ಲ. ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ತಾಲ್ಲೂಕುಗಳ ಶಾಸನಗಳು ಎಪಿಗ್ರಾಫಿಯ ಕರ್ನಾಟಿಕದ ಪರಿಷ್ಕೃತ ಆವೃತ್ತಿಯ ಆರನೆಯ ಸಂಪುಟದಲ್ಲಿಯೂ, ನಾಗಮಂಗಲದವು ಏಳನೆಯ ಸಂಪುಟದಲ್ಲಿಯೂ ಸಂಗ್ರಹವಾಗಿವೆ. ದತ್ತಿಯ ಶಾಸನದ ಕ್ರಮವನ್ನು ವಿದ್ಯಾರ್ಥಿಗಳು ಬಲ್ಲರು. ಕೊಟ್ಟವರು ಯಾರು, ಪಡೆದವರು ಯಾರು, ಕೊಟ್ಟದ್ದು ಯಾವುದಕ್ಕೆ, ಭೂಮಿಯ ಎಲ್ಲೆ ಯಾವುದು, ಸಾಕ್ಷಿಗಳು ಯಾರು ಎಂಬುದನ್ನು ಹೇಳಿ, ದತ್ತಿಯನ್ನು ಅಪಹರಿಸಿದವರಿಗೆ ಶಾಪವನ್ನಿಟ್ಟು, ಅದನ್ನು ಊರಿನ ಎಲ್ಲರೂ ನೋಡುವ ಸ್ಥಳದಲ್ಲಿ ನಿಲ್ಲಿಸುತ್ತಿದ್ದರು. ದತ್ತಿ ಗುಟ್ಟಾಗಿರಲಿಲ್ಲ. ಪತ್ರಿಕಾಸಂಸ್ಥೆಯೂ ಪ್ರತಿಯೊಂದು ವರದಿಯ ಕೆಳಗೆ ಹಣ ಕೊಟ್ಟವರ ಹೆಸರು, ಮೊತ್ತ, ಷರತ್ತುಗಳನ್ನು ಓದುಗನ ಭಾಷೆಯಲ್ಲಿ ಬರೆದರೆ, ಜಂತೆ ಎಣಿಸುವ ಕೆಲಸವನ್ನು ಓದುಗನೇ ಮಾಡಬಲ್ಲನು. ವರ್ಷಾಂತ್ಯದ ಲೆಕ್ಕಪತ್ರದಲ್ಲಿ ಎಲ್ಲೋ ಒಂದೆಡೆ ಸೇರಿಸಿದರೆ ಸಾಲದು.

4

ಈ ಚರ್ಚೆ ಕೇವಲ ತತ್ತ್ವದ್ದಲ್ಲ. 2022ರ ಸೆಪ್ಟೆಂಬರಿನಲ್ಲಿ ಆದಾಯ ತೆರಿಗೆಯ ಅಧಿಕಾರಿಗಳು ಮೇಲೆ ಹೇಳಿದ ಬೆಂಗಳೂರಿನ ಫೌಂಡೇಶನ್ನಿನ ಕಚೇರಿಯಲ್ಲಿ ಪರಿಶೀಲನೆ ನಡೆಸಿದರು. 2025ರ ಜನವರಿಯಲ್ಲಿ ದೆಹಲಿಯ ರಿಪೋರ್ಟರ್ಸ್ ಕಲೆಕ್ಟಿವ್ ಸಂಸ್ಥೆ, ತನ್ನ ಲಾಭರಹಿತ ಮಾನ್ಯತೆಯನ್ನು ಆದಾಯ ತೆರಿಗೆ ಇಲಾಖೆ ರದ್ದುಪಡಿಸಿತೆಂದೂ, ಪತ್ರಿಕಾವೃತ್ತಿಯಿಂದ ಸಾರ್ವಜನಿಕ ಉದ್ದೇಶ ಸಾಧಿತವಾಗುವುದಿಲ್ಲವೆಂಬುದು ಅದಕ್ಕೆ ಕೊಟ್ಟ ಕಾರಣವೆಂದೂ ಪ್ರಕಟಿಸಿತು. ಕನ್ನಡದ ‘ದಿ ಫೈಲ್’ ಕೂಡ ಅದೇ ಬಗೆಯ ಆದೇಶಕ್ಕೆ ಒಳಗಾದ ಸುದ್ದಿ ಬೆನ್ನಿಗೇ ಬಂದಿತು. ಮಾನ್ಯತೆ ಹೋದರೆ ಬಂದ ದೇಣಿಗೆಗೆ ತೆರಿಗೆ ಬೀಳುತ್ತದೆ, ದಾನಿಯೂ ಹಿಂದೆಗೆಯುತ್ತಾನೆ.

ಪತ್ರಿಕೆ ನಡೆಸುವುದು ಧರ್ಮಾರ್ಥವೇ ಅಲ್ಲವೇ ಎಂಬ ಈ ಪ್ರಶ್ನೆಗೆ ಒಂದು ಚರಿತ್ರೆಯಿದೆ. ಸರದಾರ್ ದಯಾಲ್ ಸಿಂಗ್ ಮಜೀಠಿಯ ಅವರು 1881ರಲ್ಲಿ ಲಾಹೋರಿನಲ್ಲಿ ‘ಟ್ರಿಬ್ಯೂನ್’ ಪತ್ರಿಕೆಯನ್ನು ಸ್ಥಾಪಿಸಿದರು. 1898ರಲ್ಲಿ ತೀರಿಕೊಳ್ಳುವ ಮುನ್ನ ಮರಣಶಾಸನದ ಮೂಲಕ ಅದನ್ನು ಧರ್ಮದರ್ಶಿಗಳಿಗೆ ಒಪ್ಪಿಸಿದರು. ತೆರಿಗೆಯ ವ್ಯಾಜ್ಯ ಪ್ರಿವಿ ಕೌನ್ಸಿಲಿನವರೆಗೆ ಹೋಯಿತು. 1939ರಲ್ಲಿ ಆ ನ್ಯಾಯಾಲಯ, ಪ್ರಾಂತ್ಯಕ್ಕೆ ವಿದ್ಯಾವಂತ ಜನಾಭಿಪ್ರಾಯದ ಮುಖವಾಣಿಯೊಂದನ್ನು ಒದಗಿಸುವುದು ಸಾರ್ವಜನಿಕ ಉಪಯುಕ್ತತೆಯ ಉದ್ದೇಶವೇ ಸರಿಯೆಂದು ತೀರ್ಮಾನಿಸಿತು. ಆ ಪತ್ರಿಕೆ ಬೆಲೆಗೆ ಮಾರಾಟವಾಗುತ್ತಿತ್ತು, ಜಾಹೀರಾತನ್ನೂ ಹಾಕುತ್ತಿತ್ತು, ಅದು ಅಡ್ಡಿಯಾಗಲಿಲ್ಲ.

1961ರ ಆದಾಯ ತೆರಿಗೆ ಕಾಯಿದೆಯೂ ಧರ್ಮಾರ್ಥವನ್ನು ವಿವರಿಸುವಾಗ ಬಡವರ ಪರಿಹಾರ, ವಿದ್ಯೆ, ವೈದ್ಯಕೀಯ ನೆರವುಗಳ ಜೊತೆಗೆ ಸಾಮಾನ್ಯ ಸಾರ್ವಜನಿಕ ಉಪಯುಕ್ತತೆಯನ್ನು ಹೆಸರಿಸಿತು. 2008ರ ಹಣಕಾಸು ಕಾಯಿದೆ ಆ ಕೊನೆಯ ವರ್ಗಕ್ಕೆ ವ್ಯಾಪಾರಸ್ವರೂಪದ ಚಟುವಟಿಕೆ ಸಲ್ಲದೆಂಬ ನಿರ್ಬಂಧವನ್ನು ಸೇರಿಸಿತು. ಇಲಾಖೆಗೆ ಹಿಡಿಯಲು ಒಂದು ಎಳೆ ಸಿಕ್ಕಿದ್ದು ಇಲ್ಲಿ. ನ್ಯಾಯದ ಸೂಕ್ಷ್ಮವನ್ನು ವಕೀಲರಿಗೆ ಬಿಡೋಣ. ಚರಿತ್ರೆಯ ದೃಷ್ಟಿಯಿಂದ ಹೇಳಬೇಕಾದುದಿಷ್ಟು: ಪರಾಧೀನ ಭಾರತದ ವಿಷಯದಲ್ಲಿ ಲಂಡನ್ನಿನ ನ್ಯಾಯಾಧೀಶರು ಒಪ್ಪಿಕೊಂಡ ಮಾತನ್ನು ಸ್ವತಂತ್ರ ಭಾರತದ ಇಲಾಖೆ ಅಲ್ಲಗಳೆಯುವಂತಾದರೆ, ಅದು ಒಂದೆರಡು ಸಂಸ್ಥೆಗಳ ನಷ್ಟ ಮಾತ್ರವಾಗಲಾರದು. ನಾಲೆಗೆ ತಡೆಗೋಡೆ ಇದೆಯೇ ಎಂದು ಕೇಳುವುದು ಸಾರ್ವಜನಿಕ ಉಪಯುಕ್ತತೆಯಲ್ಲವಾದರೆ ಬೇರೆ ಯಾವುದು?

5

ಹೀಗೆ ಸಂಸ್ಥೆಗಳ ಪಕ್ಷವನ್ನು ಹೇಳಿದ ಮೇಲೆ, ಅವುಗಳ ಕೆಲಸವನ್ನು ನಿಷ್ಠುರವಾಗಿ ನೋಡುವುದು ನಮ್ಮ ಕರ್ತವ್ಯ. ‘ಪರಿ’ಯ ಗುಣ ದೊಡ್ಡದು. ಅದು ಜಾಹೀರಾತು ಹಾಕುವುದಿಲ್ಲ, ಓದಲು ಶುಲ್ಕ ಬೇಡುವುದಿಲ್ಲ. ವರದಿಗಳನ್ನು ಕನ್ನಡವೂ ಸೇರಿದಂತೆ ಅನೇಕ ಭಾಷೆಗಳಿಗೆ ತಿರುಗಿಸುತ್ತದೆ. ಹೇಮಾ ರಾಯಿರ್ಕರ್ ಮತ್ತು ಗೀ ಪ್ವಾತ್ವಾ ಅವರು ಆರಂಭಿಸಿದ, ಮಹಾರಾಷ್ಟ್ರದ ಹೆಂಗಸರ ಬೀಸುವ ಕಲ್ಲಿನ ಹಾಡುಗಳ ಬೃಹತ್ ಸಂಗ್ರಹವನ್ನು ಕಾಪಾಡಿ ಪ್ರಕಟಿಸುತ್ತಿರುವುದು ಅದರ ಒಂದು ಸಾಧನೆ. ಅದಕ್ಕಿಂತ ಮುಖ್ಯವಾಗಿ, ಕೂಲಿಯವಳನ್ನು ಅವಳ ಹೆಸರಿನಿಂದ, ಅವಳ ಊರಿನಿಂದ, ಅವಳ ಮಾತಿನಿಂದ ದಾಖಲಿಸುವುದು ಅದರ ಪದ್ಧತಿ. ನಮ್ಮ ಶಾಸನಗಳಲ್ಲಿ ದಾನ ಕೊಟ್ಟ ದಂಡನಾಯಕನ ಹೆಸರುಂಟು, ಪಡೆದ ಬ್ರಾಹ್ಮಣನ ಗೋತ್ರವುಂಟು. ಆ ಗದ್ದೆಯನ್ನು ಉತ್ತವನ ಹೆಸರು ಸಿಗುವುದು ಅಪೂರ್ವ. ಈ ಕೊರತೆಯನ್ನು ತುಂಬಿಕೊಡುವ ಆಕರವನ್ನು ಮುಂದಿನ ಚರಿತ್ರಕಾರರು ಕೃತಜ್ಞತೆಯಿಂದ ಬಳಸುವರು.

ಆದರೂ ಕೆಲವು ಆಕ್ಷೇಪಗಳು ಉಳಿಯುತ್ತವೆ. ಮೊದಲನೆಯದು, ಚಿತ್ರಕ್ಕೂ ಕಡತಕ್ಕೂ ಇರುವ ಅಂತರ. ಒಬ್ಬ ರೈತನ ಬದುಕಿನ ಚಿತ್ರ ಮನಸ್ಸನ್ನು ಕರಗಿಸುತ್ತದೆ. ಆದರೆ ಅವನ ಕಷ್ಟಕ್ಕೆ ಕಾರಣವಾದ ಆದೇಶ ಯಾವ ಕಚೇರಿಯಲ್ಲಿ ಯಾವ ತಾರೀಖಿನಂದು ಹೊರಟಿತೆಂಬುದನ್ನು ಯಾವಾಗಲೂ ಹೇಳುವುದಿಲ್ಲ. ‘ದಿ ಫೈಲ್’ ರೀತಿಯ ವರದಿ ಆದೇಶವನ್ನು ಹೇಳುತ್ತದೆ. ಆದರೆ ಅದರ ಪರಿಣಾಮವನ್ನುಂಡ ಮನೆಯೊಳಕ್ಕೆ ಎಲ್ಲ ಸಲವೂ ಹೋಗುವುದಿಲ್ಲ. ಇವೆರಡೂ ಕೂಡಬೇಕಾದ ಪ್ರಸಂಗ ನಮ್ಮಲ್ಲಿಯೇ ಉಂಟು. ಪಾಂಡವಪುರ ತಾಲ್ಲೂಕಿನ ಬೇಬಿಬೆಟ್ಟದ ಕಲ್ಲುಗಣಿಗಾರಿಕೆಯಿಂದ ಕೃಷ್ಣರಾಜಸಾಗರಕ್ಕೆ ಅಪಾಯವಿದೆಯೆಂಬ ವಿವಾದ 2018ರಲ್ಲಿ ಬಲಗೊಂಡಿತು. 2024ರ ಜನವರಿಯಲ್ಲಿ ಉಚ್ಚ ನ್ಯಾಯಾಲಯ, ಅಣೆಕಟ್ಟಿನ ಸುರಕ್ಷತೆಯ ಅಧ್ಯಯನ ಮುಗಿಯುವವರೆಗೆ 20 ಕಿಲೋಮೀಟರ್ ಸುತ್ತಳತೆಯಲ್ಲಿ ಗಣಿಗಾರಿಕೆ ಕೂಡದೆಂದಿತು. ಇಲ್ಲಿ ಪರವಾನಗಿಯ ಕಡತವನ್ನೂ ಓದಬೇಕು; ಸ್ಫೋಟಕ್ಕೆ ಗೋಡೆ ಬಿರುಕುಬಿಡುವ ಮನೆಯವರನ್ನೂ, ಗಣಿ ನಿಂತರೆ ಕೂಲಿ ಹೋಗುವವರನ್ನೂ ಕೇಳಬೇಕು. ಒಂದನ್ನೇ ಹಿಡಿದರೆ ಸತ್ಯದ ಅರ್ಧ ಮಾತ್ರ ಸಿಕ್ಕೀತು.

ಎರಡನೆಯ ಆಕ್ಷೇಪ ನೆರವಿನ ಅವಧಿಯನ್ನು ಕುರಿತದ್ದು. ಸಾಮಾನ್ಯವಾಗಿ ದಾನಿಗಳು ಹಣ ಕೊಡುವುದು ಒಂದು ಯೋಜನೆಗೆ, ಒಂದೆರಡು ವರ್ಷಗಳಿಗೆ. ಶಾಸನಗಳಲ್ಲಿ ‘ಕೆರೆಗೊಡಗೆ’ ಎಂಬ ದತ್ತಿಯನ್ನು ಕಾಣುತ್ತೇವೆ. ಅದು ಕೆರೆಯ ಏರಿ, ತೂಬುಗಳನ್ನು ನೋಡಿಕೊಳ್ಳುವವರಿಗೆ ಬಿಟ್ಟ ಭೂಮಿ. ಕೆರೆ ಕಟ್ಟುವುದಕ್ಕಿಂತ ಅದನ್ನು ಉಳಿಸುವುದು ಕಷ್ಟವೆಂಬುದನ್ನು ಬಲ್ಲವರು ಮಾಡಿದ ವ್ಯವಸ್ಥೆ. ಪತ್ರಿಕಾವೃತ್ತಿಗೂ ಇಂದು ಬೇಕಾಗಿರುವುದು ಕೆರೆಗೊಡಗೆಯೇ. ಆರು ತಿಂಗಳ ಸಹಾಯಧನ ಪಡೆದವರು ನಾಲೆಯನ್ನು ಕುರಿತು ಒಳ್ಳೆಯ ವರದಿ ಬರೆಯಬಲ್ಲರು. ಐದು ವರ್ಷ ಬಿಟ್ಟು ಮತ್ತೆ ಅಲ್ಲಿಗೆ ಹೋಗಿ ನೋಡಲು ತಾಲ್ಲೂಕಿನಲ್ಲಿಯೇ ನೆಲೆಸಿದವರು ಬೇಕು. ಅಂತಹವರು ಇದ್ದಾರೆ ಕೂಡ. ಜಿಲ್ಲಾಪತ್ರಿಕೆಗಳ ತಾಲ್ಲೂಕು ಬಾತ್ಮೀದಾರರು ಅಲ್ಪ ಗೌರವಧನಕ್ಕೆ ದುಡಿಯುತ್ತಾರೆ. ಜಾಹೀರಾತು ತರುವ ಹೊಣೆಯೂ ಎಷ್ಟೋ ವೇಳೆ ಅವರ ಮೇಲೆಯೇ ಬೀಳುತ್ತದೆ. ದತ್ತಿಯ ಹಣ ಇವರನ್ನು ತಲಪದೆ ರಾಜಧಾನಿಯಿಂದ ಬಂದುಹೋಗುವವರಲ್ಲಿಯೇ ಉಳಿದರೆ, ‘ಸುದ್ದಿಯಾಗದ ಪ್ರದೇಶ’ ಎಂಬ ಮಾತಿಗೆ ರಾಜಧಾನಿಗೆ ಕಾಣದ ಪ್ರದೇಶ ಎಂಬುದಷ್ಟೇ ಅರ್ಥವಾಗುತ್ತದೆ.

ಮೂರನೆಯದು, ವರದಿ ಊರಿಗೆ ಮರಳುವ ವಿಷಯ. ಕನ್ನಡಕ್ಕೆ ಅನುವಾದವಾದ ಮಾತ್ರಕ್ಕೆ ವರದಿ ಊರಿಗೆ ಮರಳಿತೆಂದು ಹೇಳಲಾಗದು. ಅಂತರ್ಜಾಲದಲ್ಲಿ ಅದು ಇದೆ. ಆದರೆ ಇದೆಯೆಂಬುದು ಯಾರಿಗೆ ಗೊತ್ತು? ತನ್ನನ್ನು ಕುರಿತು ಬರೆದದ್ದನ್ನು ಓದಿ, ‘ಇದು ಹೀಗಲ್ಲ’ ಎಂದು ತಿದ್ದುವ ಅಧಿಕಾರ ಊರಿನವನಿಗಿಲ್ಲದಿದ್ದರೆ, ಎಷ್ಟು ಸಹಾನುಭೂತಿಯ ಬರವಣಿಗೆಯೂ ಹೊರಗಿನವನ ಬರವಣಿಗೆಯಾಗಿಯೇ ಉಳಿಯುತ್ತದೆ.

6

ನಮ್ಮ ಅಭಿಪ್ರಾಯವನ್ನು ಸಂಗ್ರಹವಾಗಿ ಹೇಳಬಹುದು. ಘಟನೆಯ ಹಿಂದಿನ ಸ್ಥಿತಿಯನ್ನು ದಾಖಲಿಸುವುದು ಸಾರ್ವಜನಿಕ ಕಾರ್ಯ. ಮಾರುಕಟ್ಟೆ ಅದನ್ನು ಮಾಡುವುದಿಲ್ಲವಾದ್ದರಿಂದ ದತ್ತಿ ಬೇಕು. ರಾಜ್ಯ ಅದಕ್ಕೆ ಅಡ್ಡಿಮಾಡಬಾರದು. ಆದರೆ ದತ್ತಿ ಬಂದೊಡನೆ ಸ್ವಾತಂತ್ರ್ಯ ಬಂದಿತೆಂದು ತಿಳಿಯುವುದು ಭ್ರಮೆ. ಕೊಟ್ಟವರ ಹೆಸರು ಎಲ್ಲರಿಗೂ ಕಾಣಬೇಕು, ನೆರವು ಬಹುಕಾಲ ನಿಲ್ಲಬೇಕು, ಬರೆದದ್ದು ಬರೆಸಿಕೊಂಡವರ ಕೈಗೆ ಮರಳಬೇಕು. ಈ ಮೂರರಿಂದ ಅದನ್ನು ಅಳೆಯತಕ್ಕದ್ದು.

ಮೂರನೆಯ ಕೆಲಸದಲ್ಲಿ ಕಾಲೇಜುಗಳಿಗೂ ಪಾಲಿದೆ. ನಾಲ್ಕು ತಾಲ್ಲೂಕುಗಳ ಕೇಂದ್ರಗಳಲ್ಲಿಯೂ ಕಾಲೇಜುಗಳಿವೆ. ತಮ್ಮ ತಾಲ್ಲೂಕನ್ನು ಕುರಿತು ಬಂದ ವರದಿಗಳನ್ನು, ದೊಡ್ಡ ಪತ್ರಿಕೆಯದಾಗಲಿ, ದತ್ತಿಯ ಸಂಸ್ಥೆಯದಾಗಲಿ, ಸ್ಥಳೀಯ ವಾರಪತ್ರಿಕೆಯದಾಗಲಿ, ಅಚ್ಚುಮಾಡಿ ಗ್ರಂಥಾಲಯದಲ್ಲಿ ಒಂದು ಕಡತವಾಗಿ ಇಡುವುದು ಹೆಚ್ಚು ಖರ್ಚಿನ ಕೆಲಸವಲ್ಲ. ವಿದ್ಯಾರ್ಥಿಗಳು ಅದನ್ನು ಮನೆಗೆ ಒಯ್ದು ಹಿರಿಯರಿಗೆ ಓದಿಹೇಳಿ, ಅವರು ಹೇಳಿದ ತಿದ್ದುಪಡಿಯನ್ನು ಅಂಚಿನಲ್ಲಿ ಬರೆದು ತರಬಹುದು. ನಮ್ಮ ತರಗತಿಯಲ್ಲಿ ಮುಂಬಯಿಯ ವಲಸೆಯ ವಿಷಯದಿಂದ ಇದನ್ನು ಆರಂಭಿಸಬೇಕೆಂದಿದ್ದೇವೆ: ಮನೆಯಿಂದ ಮೊದಲು ಹೋದವರು ಯಾರು, ಯಾವ ವರ್ಷ, ಯಾವ ಕೆಲಸಕ್ಕೆ, ಆ ವರ್ಷ ಕೆರೆಯಲ್ಲಿ ನೀರಿತ್ತೇ ಎಂಬ ನಾಲ್ಕು ಪ್ರಶ್ನೆಗಳು. ಕಾಯಿಲೆಯ ಪಟ್ಟಿಯಲ್ಲಿ ತನ್ನ ಊರಿನ ಹೆಸರನ್ನು ಮೊದಲು ಕಂಡ ವಿದ್ಯಾರ್ಥಿ, ಆ ಊರಿನ ಹೆಸರನ್ನು ಇನ್ನೊಂದು ಪಟ್ಟಿಯಲ್ಲಿ ತಾನೇ ಬರೆಯುವಂತಾಗಲಿ ಎಂಬುದು ನಮ್ಮ ಆಶಯ.